ಒರೆ ಸೇರಿದ ಕಠಾರಿಗಳು

ಫೆಬ್ರವರಿ ೧೧, ಮಂಗಳವಾರ

ಇಷ್ಟು ವರ್ಷ ಜಗಳಕ್ಕೆ ಇವರಿದ್ದರು. ನಾನೊಂದು ಅಂದರೆ ಇವರು ಎರಡು ಅನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಈಗ ನಾನು ಅಂದದ್ದೆಲ್ಲ ಗೋಡೆಗೆ ಬಡಿದು ನನ್ನ ಹತ್ತಿರವೇ ವಾಪಸ್ ಬರುತ್ತದೆ. ಅದಕ್ಕೇ ಈ ಡೈರಿ. ಟೂತ್‌ಪೇಸ್ಟ್ ಕಂಪನಿಯವರು ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್‌ಗೆ ಕೊಟ್ಟದ್ದು, ರಟ್ಟಿನ ಮೇಲೆ ಒಂದು ದವಡೆ ಹಲ್ಲು ಕೈಕಾಲು ಬಿಟ್ಟುಕೊಂಡು ನಗುತ್ತಿದೆ. ನಗಲಿ, ಯಾರಾದರೂ ನಗಬೇಕಲ್ಲ ಈ ಮನೆಯಲ್ಲಿ.

ಇವರನ್ನು ಆಸ್ಪತ್ರೆಯಿಂದ ಕರೆದುಕೊಂಡು ಬಂದು ವಾರವಾಯಿತು. ಲಕ್ವ ಹೊಡೆದು ಬಲಗೈ ಬಲಗಾಲು ಇದ್ದೂ ಇಲ್ಲ. ಮಾತು ಪೂರ್ತಿ ಹೋಗಿದೆ, ಉಳಿದಿರುವುದು ಒಂದೇ ಒಂದು: "ಅದಲ್ಲ." ನೀರು ಬೇಕಾ ಅಂದರೆ "ಅದಲ್ಲ" ಅಂದು ಗಟಗಟ ಕುಡಿಯುತ್ತಾರೆ. ನೋವಿದೆಯಾ ಅಂದರೆ "ಅದಲ್ಲ." ನಾನು ಯಾರು ಹೇಳಿ ನೋಡೋಣ ಅಂದೆ. ನನ್ನ ಮುಖ ನೋಡಿ, ತುಟಿ ಒದ್ದಾಡಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು "ಅದಲ್ಲ" ಅಂದರು. ಎಂಥಾ ಗಂಡಸು! ಸಿಕ್ಕ ಒಂದು ಪದಾನೂ ನನ್ನ ಮಾತು ತೆಗೆದುಹಾಕೋದಕ್ಕೇ ಇಟ್ಟುಕೊಂಡರು.

ಇನ್ನು ಆ ಕಠಾರಿಗಳು. ಇವರು ಬಂದರಿನ ಉಗ್ರಾಣದಲ್ಲಿ ಜೀವಮಾನವಿಡೀ ಗುಮಾಸ್ತರಾಗಿದ್ದವರು, ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವವರು. ಆದರೂ ಹುಚ್ಚು ಮಾತ್ರ ನೌಕಾಪಡೆಯದ್ದು. ಹಿಂದಿನ ಕಾಲದ ನೌಕಾಪಡೆಯ ಅಧಿಕಾರಿಗಳು ಮೆರವಣಿಗೆಗೆ, ಔತಣಕ್ಕೆ ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದ ಅಲಂಕಾರದ ಕಠಾರಿಗಳು ಮನೆ ತುಂಬ. "ಕತ್ತಿ ಅನ್ಬೇಡ್ವೇ, ಕಠಾರಿ ಅನ್ನು" ಅಂತ ಎಷ್ಟು ಸಲ ರೇಗಿಲ್ಲ! ಎಲ್ಲವನ್ನೂ ಗಾಜಿನ ಮೇಜಿನಲ್ಲಿ ಹಸಿರು ಬಟ್ಟೆಯ ಮೇಲೆ ಬಿಚ್ಚಿಟ್ಟಿರುತ್ತಿದ್ದರು. ಅಲಗು ಒಂದು ಕಡೆ, ತೊಗಲಿನದೋ ಲೋಹದ್ದೋ ಒರೆ ಅದರ ಪಕ್ಕದಲ್ಲಿ, ಅಂಗಿ ಕಳಚಿ ಮಲಗಿದ ಹಾಗೆ. ಧೂಳು ಒರೆಸೋದಕ್ಕೂ ನನ್ನನ್ನು ಬಿಡುತ್ತಿರಲಿಲ್ಲ.

ಮೈದುನ ಬಂದವನು ಮೇಜು ನೋಡಿ ಬೆಚ್ಚಿಬಿದ್ದ. "ಅತ್ತಿಗೆ, ಕಾಯಿಲೆ ಮನುಷ್ಯ ಇರೋ ಮನೇಲಿ ಹಿಂಗೆ ಚೂರಿ ಬಿಚ್ಚಿಡ್ತಾರಾ?" ಅಂದ. ನನಗೂ ಹೌದೆನ್ನಿಸಿತು. ಒಂದೊಂದನ್ನೂ ಅದರದರ ಒರೆಗೆ ತೂರಿಸಿ, ಹಳೇ ಟವೆಲ್‌ನಲ್ಲಿ ಸುತ್ತಿ, ಮಲಗುವ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮದುವೆಯಾದಾಗಿನಿಂದ ಆ ಮೇಜು ಇಷ್ಟು ಚೊಕ್ಕಟವಾಗಿ ಕಂಡದ್ದು ಇದೇ ಮೊದಲು. ಇವರು ಹಾಸಿಗೆಯಿಂದ ನೋಡುತ್ತಲೇ ಇದ್ದರು.

ಫೆಬ್ರವರಿ ೧೪, ಶುಕ್ರವಾರ

ಇವತ್ತು ಹೊಸದೊಂದು ಶುರುವಾಗಿದೆ. ಬೀರು ಕಡೆ ಬೆರಳು ತೋರಿಸುತ್ತಾರೆ. ಆಮೇಲೆ ಎಡಗೈಯಿಂದ ಸತ್ತ ಬಲಗೈಯ ಮಣಿಕಟ್ಟು ಹಿಡಿದು, ಎಡಗೈಯನ್ನು ಸರ್ರನೆ ಮೇಲಕ್ಕೆ ಎಳೆಯುತ್ತಾರೆ. ಒರೆಯಿಂದ ಕಠಾರಿ ಎಳೆದ ಹಾಗೆ. ಬೆಳಿಗ್ಗೆಯಿಂದ ಹೀಗೇ ಮಾಡುತ್ತಿದ್ದಾರೆ. ಕಂಬಳಿ ಕೊಟ್ಟೆ, ಅದಲ್ಲ. ಅಂಗಿ ತೆಗೆದುಕೊಟ್ಟೆ, ಅದಲ್ಲ. ಕನ್ನಡಕ ಕೊಟ್ಟೆ, ತೆಗೆದು ಬಿಸಾಡಿದರು.

ಮೈದುನ ಬಾಗಿಲಲ್ಲಿ ನಿಂತು ನೋಡಿದ. ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಅಂದ, "ಅತ್ತಿಗೆ, ಅಣ್ಣಂಗೆ ಕಠಾರಿ ಬೇಕು. ಯಾಕೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ? ಇಂಥ ಸ್ಥಿತೀಲಿ ಮನುಷ್ಯಂಗೆ ಜೀವ ಬೇಡ ಅನ್ಸುತ್ತೆ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅಯ್ಯೋ ದೇವರೇ, ನನಗೆ ಯಾಕೆ ಹೊಳೆಯಲಿಲ್ಲ! ಬೀರುವಿನ ಕೀಲಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ. ಬಗ್ಗಿದಾಗಲೆಲ್ಲ ಎದೆಗೆ ತಣ್ಣಗೆ ತಾಗುತ್ತದೆ.

ಫೆಬ್ರವರಿ ೨೦, ಗುರುವಾರ

ಮಾತು ಕಲಿಸುವ ಡಾಕ್ಟರಮ್ಮ ಬಂದಿದ್ದರು. ಸಣ್ಣ ಹುಡುಗಿ, ಗಟ್ಟಿ ಗಂಟಲು. ಸೇಬು, ಬಾಳೆಹಣ್ಣು, ಬಸ್ಸಿನ ಚಿತ್ರ ಹಿಡಿದು "ಇದೇನು ಸರ್?" ಅಂತ ಕೇಳಿದರು. ಇವರು ಮುಖ ತಿರುಗಿಸಿದರು. ಬಸ್ಸಿನ ಚಿತ್ರ ತೋರಿಸಿದರೆ ಯಾರಿಗೆ ಮಾತು ಬರುತ್ತೆ? ನನಗೇ ಬರಲಿಲ್ಲ.

"ಅವರಿಗೆ ಇಷ್ಟ ಆಗಿರೋ ವಸ್ತು ಏನಾದ್ರೂ ಇದ್ಯಾ ಆಂಟಿ?" ಅಂದರು. ಇದೆ ಅಂದೆ, ಆದರೆ ಕೊಡೋ ಹಾಗಿಲ್ಲ ಅಂದೆ, ಕಾರಣ ಹೇಳಿದೆ. ಆ ಹುಡುಗಿ ಬಸ್ಸಿನ ಚಿತ್ರವನ್ನು ಚೀಲಕ್ಕೆ ಹಾಕಿದರು. ಆಮೇಲೆ, "ಹಾಗಾದ್ರೆ ಫೋಟೋ?" ಅಂದರು.

ಫೋಟೋ ಇವೆ. ಮನೆಯಲ್ಲಿ ನನ್ನ ಫೋಟೋಗಿಂತ ಅವೇ ಜಾಸ್ತಿ. ಮದುವೆಯ ಆಲ್ಬಂ ಹಾಳಾಗಿ ಹೋಗಿದೆ, ಕಠಾರಿಗಳ ಆಲ್ಬಂ ಮಾತ್ರ ಮಿರಮಿರ ಅನ್ನುತ್ತಿದೆ. ಹಾಸಿಗೆ ಪಕ್ಕ ಕೂತು ಮೊದಲನೆಯದನ್ನು ತೆರೆದೆ. "ಇದು ಬಿಳೀ ಹಿಡಿಯದು," ಅಂದೆ. "ಇದೂ ಬಿಳೀ ಹಿಡಿಯದು. ಇದು... ಇದೂ ಬಿಳೀದೇ." ಇವರು ಕಣ್ಣುಮುಚ್ಚಿ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ನನಗೆ ಚೆನ್ನಾಗಿ ಗೊತ್ತು, ಅದಕ್ಕೆ ಮಾತು ಬೇಡ. ದಡ್ಡಿ ಅಂತ ಅದರರ್ಥ.

ಫೆಬ್ರವರಿ ೨೬, ಬುಧವಾರ

ಕ್ಲಿನಿಕ್‌ನಿಂದ ಬರುವಾಗ ಕನ್ನಡಕದಂಗಡಿಗೆ ಹೋಗಿದ್ದೆ. ಅಂಗಡಿಯವರು ಇವರ ಸ್ನೇಹಿತರೂ ಹೌದು, ಶತ್ರುವೂ ಹೌದು. ಅವರಿಗೂ ಇದೇ ಹುಚ್ಚು. ಸಿಂಹದ ತಲೆಯ ಒಂದು ಕಠಾರಿ ಮೊದಲು ಕಣ್ಣಿಗೆ ಬಿದ್ದದ್ದು ಯಾರಿಗೆ ಅಂತ ಜಗಳವಾಡಿ ಇಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದಾರೆ. ಗಂಡಸರ ವೈರಾಗ್ಯವೂ ಇಷ್ಟೇ, ವೈರವೂ ಇಷ್ಟೇ.

ನನ್ನನ್ನು ನೋಡಿ ಎದ್ದು ನಿಂತರು. "ನಾನು ಬಂದ್ರೆ ಅವನಿಗೆ ಬಿ.ಪಿ. ಏರುತ್ತೆ ಅಂತ ಬರ್ಲಿಲ್ಲ ಅತ್ತಿಗೆ" ಅಂದರು, ಮುಖ ಸಣ್ಣದು ಮಾಡಿಕೊಂಡು. ಆಲ್ಬಂ ಮುಂದಿಟ್ಟು, ಇವುಗಳನ್ನು ಗುರುತು ಹಿಡಿಯೋದು ಹೇಗೆ ಅಂತ ಹೇಳಿಕೊಡಿ ಅಂದೆ. ಭೂತಗನ್ನಡಿ ತಂದರು.

ಹಿಡಿಯ ತುದಿ ನೋಡಬೇಕಂತೆ ಮೊದಲು. ಕಿರೀಟ ಇದ್ದರೆ ರಾಜನಿದ್ದ ಕಾಲದ್ದು, ರಾಜ ಹೋದ ಮೇಲೆ ಕಿರೀಟಾನೂ ಹೋಗಿ ಬರೀ ಗುಂಡು ಬಂತು. ಕೆಲವು ಸಲ ಬಡಪಾಯಿ ಅಧಿಕಾರಿ ಹಳೇ ಕಠಾರಿಗೇ ಹೊಸ ತಲೆ ಹಾಕಿಸಿಕೊಂಡಿರುತ್ತಾನಂತೆ. ಆಮೇಲೆ ಹಿಡಿ. ಆನೆದಂತವಾದರೆ ಅಡ್ಡ ಕುಯ್ದ ಕಡೆ ಬಲೆ ಹೆಣೆದ ಹಾಗೆ ಗೆರೆಗಳು. ಮೂಳೆಯಾದರೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಪ್ಲಾಸ್ಟಿಕ್ ತರಹದ್ದಾದರೆ ಒಂದೇ ಸಮ ಹಳದಿ. ಇದು ನನಗೆ ತಟ್ಟನೆ ಹತ್ತಿತು. ಇಪ್ಪತ್ತು ವರ್ಷದಿಂದ ಕ್ಲಿನಿಕ್‌ನಲ್ಲಿ ಕೂತಿದ್ದೇನೆ, ನಿಜವಾದ ಹಲ್ಲು ಯಾವುದು, ಕಟ್ಟಿಸಿದ ಹಲ್ಲು ಯಾವುದು ಅಂತ ಜನ ನಕ್ಕರೆ ಸಾಕು, ಗೊತ್ತಾಗುತ್ತೆ.

"ಅಲಗಿನ ಮೇಲೆ ಹಡಗು, ಲಂಗರು ಕೊರೆದಿರ್ತಾರೆ. ಗೆರೆ ತುಂಬಾ ಅಚ್ಚುಕಟ್ಟಾಗಿದ್ರೆ ಅನುಮಾನ ಪಡಿ. ಕೈಕೆಲಸದಲ್ಲಿ ಎಲ್ಲೋ ಒಂದು ಕಡೆ ಕೈ ಜಾರಿರುತ್ತೆ" ಅಂದರು.

ಹೊರಡುವಾಗ ಆಲ್ಬಂ ಮುಚ್ಚುತ್ತಾ, ಸಿಂಹದ ತಲೆಯದರ ಮೇಲೆ ಬೆರಳಿಟ್ಟು, "ಅವನೇ ಮೊದಲು ನೋಡಿದ್ದು ಅತ್ತಿಗೆ. ಹೇಳ್ಬಿಡಿ ಅವನಿಗೆ" ಅಂದರು. ಬಂದು ಹೇಳಿದೆ. ಇವರ ಅರ್ಧ ಬಾಯಿ ನಕ್ಕಿತು. ಇನ್ನರ್ಧ ಹಾಗೇ ಇತ್ತು.

ಮಾರ್ಚ್ ೪, ಮಂಗಳವಾರ

ಇವತ್ತು ಎಷ್ಟು ಖುಷಿಯಾಯಿತು, ಎಷ್ಟು ಅತ್ತೆ!

ದಿನಾ ಮೂರು ಫೋಟೋ ಅಂತ ಮಾಡಿಕೊಂಡಿದ್ದೇವೆ. ನಾನು ಗುರುತು ಹೇಳುತ್ತೇನೆ, ತಪ್ಪಾದರೆ ಇವರು ಎಡಗೈ ಬೆರಳು ಅಲ್ಲಾಡಿಸುತ್ತಾರೆ. ಒಂದು ಕಪ್ಪು ಹಿಡಿಯದರ ಬಗ್ಗೆ "ಇದು ಕೋಣದ ಕೊಂಬು, ತಂತಿ ಆಮೇಲೆ ಯಾರೋ ಸುತ್ತಿದ್ದು, ಹಳೇ ತಂತಿ ಸವೆದು ಜಾಡಿನಲ್ಲೇ ಕೂತಿರುತ್ತೆ, ಇದು ಮೇಲೆದ್ದು ನಿಂತಿದೆ" ಅಂದೆ. ಬೆರಳು ಅಲ್ಲಾಡಲಿಲ್ಲ. ನನ್ನನ್ನೇ ನೋಡಿದರು. ಕೈ ಚಾಚಿ ನನ್ನ ಕೆನ್ನೆ ತಟ್ಟಿದರು. ಮೂವತ್ತು ವರ್ಷದಲ್ಲಿ ಒಂದು ದಿನವೂ ನಾನು ಮಾಡಿದ ಸಾರಿಗೆ ಸಿಕ್ಕದ ಶಭಾಷ್‌ಗಿರಿ ಕೋಣದ ಕೊಂಬಿಗೆ ಸಿಕ್ಕಿತು.

ಅಷ್ಟಾದ ಮೇಲೆ ಮತ್ತೆ ಅದೇ. ಬೀರು ಕಡೆ ಬೆರಳು. ಮಣಿಕಟ್ಟು ಹಿಡಿದು ಎಳೆಯೋದು. ನಾನು ಇವರ ಎರಡೂ ಕೈ ಹಿಡಿದುಕೊಂಡು ಹೇಳಿಬಿಟ್ಟೆ: "ನಿಮ್ಗೆ ಏನು ಬೇಕು ಅಂತ ನಂಗೊತ್ತು. ಕೊಡಲ್ಲ. ನನ್ನ ಬಿಟ್ಟು ಹೋಗೋ ಯೋಚನೆ ಮಾಡ್ಬೇಡಿ. ಹೀಗೇ ಇರಿ ಪರವಾಗಿಲ್ಲ, ನಾನು ನೋಡ್ಕೋತೀನಿ. ಇರ್ತೀನಿ ಅಂತ ಮಾತು ಕೊಡಿ."

ಇವರು ದಂಗಾಗಿ ನೋಡಿದರು. ಆಮೇಲೆ "ಅದಲ್ಲ, ಅದಲ್ಲ, ಅದಲ್ಲ" ಅಂತ ಕೂಗಿ, ಎಡಗೈಯಿಂದ ಮಂಚದ ಪಟ್ಟಿಗೆ ಗುದ್ದಿದರು. ಗಿಣ್ಣಿನ ಚರ್ಮ ಕಿತ್ತುಹೋಯಿತು. ಇರ್ತೀನಿ ಅನ್ನೋದಕ್ಕೂ ಒಪ್ಪಲಿಲ್ಲ ಇವರು. ಔಷಧಿ ಹಚ್ಚುತ್ತಾ ನಾನು ಅತ್ತೆ, ಹಚ್ಚಿಸಿಕೊಳ್ಳುತ್ತಾ ಇವರು ಅತ್ತರು. ಒಬ್ಬರ ಅಳು ಒಬ್ಬರಿಗೆ ಅರ್ಥವಾಗಲಿಲ್ಲ.

ಮಾರ್ಚ್ ೯, ಭಾನುವಾರ

ಸ್ನಾನಕ್ಕೆ ಹೋಗಿದ್ದೆ. ಧಡ್ ಅಂತ ಸದ್ದು. ಓಡಿಬಂದರೆ ಬೀರುವಿನ ಕೆಳಗೆ ಬಿದ್ದಿದ್ದಾರೆ. ಮಂಚದಿಂದ ಅಲ್ಲಿಯವರೆಗೆ ಎಡ ಮೊಣಕೈ ಮೇಲೆ ತೆವಳಿಕೊಂಡು ಹೋಗಿದ್ದಾರೆ. ಬಾಗಿಲಿನ ಸಂದಿಯಲ್ಲಿ ಉಗುರು ಸಿಕ್ಕಿಸಿ ಎಳೆದಿದ್ದಾರೆ. ಬಣ್ಣ ಕಿತ್ತಿದೆ.

ಮೈದುನ ಬಂದು ಎತ್ತಿ ಮಲಗಿಸಿದ. "ಇನ್ನು ಸಾಕು ಅತ್ತಿಗೆ, ಅವನ್ನೆಲ್ಲ ಮೂಟೆ ಕಟ್ಟಿ ಕೊಡಿ, ನಾನು ತಗೊಂಡೋಗಿ ಎಲ್ಲಾದ್ರೂ ಹಾಕ್ತೀನಿ" ಅಂದ. ನನಗೆ ಎಲ್ಲಿತ್ತೋ ಸಿಟ್ಟು! "ಎಲ್ಲಾದ್ರೂ ಹಾಕೋದಕ್ಕೆ ಅದೇನು ಗುಜರಿನಾ? ಅದರಲ್ಲಿ ಕಿರೀಟದ್ದು ಎರಡಿವೆ, ಗೊತ್ತಾ ನಿನಗೆ?" ಅಂದುಬಿಟ್ಟೆ. ಅವನು ಬಾಯಿ ತೆರೆದುಕೊಂಡು ನಿಂತ. ಪಾಪ, ಒಳ್ಳೇದಕ್ಕೇ ಹೇಳಿದ್ದು. ನನಗೆ ನಿದ್ದೆ ಸಾಲದೆ ಹೀಗಾಗುತ್ತಿದೆ.

ಮಾರ್ಚ್ ೧೨

ಇವತ್ತು ಬೀರು ಕಡೆ ತೋರಿಸಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದಾರೆ.

ಮಾರ್ಚ್ ೧೮

ಫೋಟೋ ಬೇಡ. ಊಟ ಎರಡು ತುತ್ತು. "ಅದಲ್ಲ" ಕೂಡ ಕೇಳಿದರೆ ಮಾತ್ರ. ಡಾಕ್ಟರಮ್ಮ ಹೊರಗೆ ಬಂದು, "ಏನೋ ಒಂದು ಕೈಬಿಟ್ಬಿಟ್ಟಿದ್ದಾರೆ ಆಂಟಿ" ಅಂದರು. ಬೇಡುವುದನ್ನು ಬಿಟ್ಟರೆ ಸಾಕು ಅಂತ ಎಷ್ಟು ಬೇಡಿಕೊಂಡಿದ್ದೆ. ಬಿಟ್ಟರು. ಈಗ ಏನು ಬೇಡಿಕೊಳ್ಳಲಿ?

ಮಾರ್ಚ್ ೨೨, ಶನಿವಾರ



ಕನ್ನಡಕದಂಗಡಿಯವರು ಕೊನೆಗೂ ಮನೆಗೆ ಬಂದರು. ಇವರ ಕೈ ಹಿಡಿದು ಕೂತರು. ಇವರು ತಿರುಗಿ ನೋಡಿದರು, ಅಷ್ಟೇ. ಹೊರಗೆ ಬಂದು ಖಾಲಿ ಗಾಜಿನ ಮೇಜು ನೋಡಿ, "ಎಲ್ಲಿ ಅತ್ತಿಗೆ?" ಅಂದರು. ಎಲ್ಲ ಹೇಳಿದೆ. ಮಣಿಕಟ್ಟು ಹಿಡಿದು ಎಳೆಯೋದು, ಬೀರು ಕೆಳಗೆ ಬಿದ್ದದ್ದು, ಎಲ್ಲ.

"ಬೀಗ ಹಾಕಿದ್ದು ಸರಿ. ಅಲಗುಗಳನ್ನ ಏನ್ಮಾಡಿದ್ರಿ?"

"ಏನ್ಮಾಡೋದು, ಅದರದರ ಒರೆಗೆ ಹಾಕಿಟ್ಟಿದೀನಿ."

"ತೊಗಲಿನ ಒರೆಗಾ? ಎಲ್ಲಾನೂ? ಅವತ್ತಿಂದ?"

ಹೂಂ ಅಂದೆ. ತೊಗಲು ಗಾಳಿಯ ತೇವ ಕುಡಿಯುತ್ತಂತೆ, ಅದನ್ನು ಹದ ಮಾಡಿದ ಹುಳಿಯೆಲ್ಲ ಒಳಗೇ ಇರುತ್ತಂತೆ, ಅಲಗನ್ನು ಅದರೊಳಗೆ ಬಿಟ್ಟರೆ ತಿಂದುಹಾಕುತ್ತಂತೆ. ಈ ಹುಚ್ಚು ಇರುವವರು ಯಾರೂ ಒರೆಯಲ್ಲಿ ಇಡುವುದಿಲ್ಲವಂತೆ, ಸದಾ ಪಕ್ಕದಲ್ಲೇ ಮಲಗಿಸುತ್ತಾರಂತೆ. "ಬಂದರಿನ ಗಾಳಿ ಬೇರೆ. ಹಾಳಾಗೋಕೆ ಒಂದು ತಿಂಗಳೇ ಹೆಚ್ಚು" ಅಂದರು.

ನಾನು ಕೊರಳಿನ ದಾರ ಎಳೆದದ್ದು ನೆನಪಿದೆ, ಕೀಲಿ ತಿರುಗಿಸಿದ್ದು ನೆನಪಿಲ್ಲ. ಸಿಂಹದ ತಲೆಯದನ್ನು ಎತ್ತಿಕೊಂಡು ಎಳೆದರೆ ಬರಲಿಲ್ಲ. ಅವರು ಒರೆ ಹಿಡಿದರು, ನಾನು ಹಿಡಿ ಹಿಡಿದು ಎಳೆದೆ. ಕರಕರ ಅಂತ ಬಂತು. ಅಲಗಿನ ಮೇಲೆ ಹಾಯಿ ಬಿಚ್ಚಿದ ಹಡಗೊಂದಿತ್ತು, ಫೋಟೋದಲ್ಲಿ ನೋಡಿ ನೋಡಿ ನನಗೆ ಅದರ ಹಗ್ಗಗಳೂ ಬಾಯಿಪಾಠ. ಹಾಯಿ ಇದ್ದ ಕಡೆ ಕಂದು ತುಕ್ಕು, ಒಲೆಯ ಮೇಲೆ ಸೀದ ಪಾತ್ರೆಯ ಹಾಗೆ ಹಕ್ಕಳೆ ಹಕ್ಕಳೆ.

ತಿರುಗಿದರೆ ಇವರು ನೋಡುತ್ತಿದ್ದಾರೆ. ಗೋಡೆ ಕಡೆಯಿಂದ ಯಾವಾಗ ತಿರುಗಿದರೋ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು, ಮೆಲ್ಲಗೆ, ತೀರಾ ಮೆಲ್ಲಗೆ ಎಳೆದರು. ಮೇಲಕ್ಕೆ ಎಳೆದ ಕೈಯನ್ನು ಪಕ್ಕದಲ್ಲಿ ಹಾಸಿಗೆಯ ಮೇಲೆ ಮಲಗಿಸಿದರು. ಈ ಮಲಗಿಸೋದನ್ನು ಮೊದಲೂ ಮಾಡುತ್ತಿದ್ದರಾ? ಮಾಡುತ್ತಿದ್ದರು. ನಾನು ಅಷ್ಟರಲ್ಲಿ ಕೈ ಹಿಡಿದುಬಿಡುತ್ತಿದ್ದೆ.

ಹತ್ತಿರ ಹೋಗಿ ಕೂತೆ. "ಸಾಯ್ಬೇಕು ಅಂತ ಅಲ್ವಾ ನೀವು ಕೇಳ್ತಿದ್ದಿದ್ದು?" ಅಂದೆ.

ಇವರು ನನ್ನನ್ನು ನೋಡಿದರು. ಅದೇ ನಿಟ್ಟುಸಿರು. "ಅದಲ್ಲ" ಅಂದರು. ಇದೊಂದು ಸಲ ಆ ಪದ ಸರಿಯಾದ ಜಾಗದಲ್ಲಿ ಬಿತ್ತು.

ಒಂದು ತಿಂಗಳಿಗೂ ಮೇಲೆ ಈ ಮನುಷ್ಯ ನನ್ನ ಹತ್ತಿರ ಒಂದೇ ಒಂದು ಸಣ್ಣ ಕೆಲಸ ಕೇಳಿದ್ದು. ನಾನು ಅವರಿಗೆ ಸಾಯಬೇಡಿ ಅಂತ ಬುದ್ಧಿ ಹೇಳಿದೆ. ಕಣ್ಣೆದುರೇ ತುಕ್ಕು ಹಿಡಿಯುತ್ತಿದೆ ಅಂತ ಗೊತ್ತಿದ್ದೂ ಮಲಗಿಕೊಂಡಿರಬೇಕಾಯಿತು ಇವರು. ಅಯ್ಯೋ, ನನ್ನ ಬುದ್ಧಿಗಿಷ್ಟು!

ಮಾರ್ಚ್ ೨೬, ಬುಧವಾರ

ಕ್ಲಿನಿಕ್‌ಗೆ ರಜಾ ಹಾಕಿದ್ದೇನೆ. ಎಣ್ಣೆ, ಮೆತ್ತನೆ ಬಟ್ಟೆ, ತಾಳ್ಮೆ, ಇಷ್ಟೇ ಮದ್ದು ಅಂದಿದ್ದಾರೆ ಕನ್ನಡಕದಂಗಡಿಯವರು. ಉಜ್ಜುವ ಪುಡಿ ಹಾಕಿದರೆ ತುಕ್ಕಿನ ಜೊತೆ ಹಡಗೂ ಹೋಗುತ್ತದಂತೆ. ಲೋಹದ ಒರೆಯಲ್ಲಿದ್ದವು ಬದುಕಿಕೊಂಡಿವೆ. ತೊಗಲಿನವೆಲ್ಲ ಗಾಯಗೊಂಡಿವೆ. ಮೇಲಿನ ತುಕ್ಕು ಬಿಟ್ಟಿತು, ಅದು ಕೊರೆದ ಗುಂಡಿ ಹಾಗೇ ಉಳಿಯುತ್ತದೆ. ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ.

ದಿಂಬು ಒರಗಿಸಿ ಕೂರಿಸಿ, ಅಲಗನ್ನು ಇವರ ತೊಡೆಯ ಮೇಲಿಟ್ಟು ನಾನು ಹಿಡಿದುಕೊಂಡಿದ್ದೆ. ಇವರು ಎಡಗೈಯಲ್ಲಿ ಬಟ್ಟೆ ಹಿಡಿದು ಒಂದೇ ದಿಕ್ಕಿಗೆ ಒರೆಸಿದರು. ಹಾಯಿ ಹೋದ ಜಾಗ ಬಂದಾಗ ಬೆರಳು ನಿಂತಿತು. "ನಿಮ್ಮ ಹಾಗೇ ಆಗಿದೆ ನೋಡಿ ಇದಕ್ಕೂ, ಅರ್ಧ ಹೋಗಿದೆ, ಅರ್ಧ ಇದೆ" ಅಂದೆ. ಅರ್ಧ ಬಾಯಿ ನಕ್ಕಿತು. ಊಟ ಪೂರ್ತಿ ಮಾಡಿದರು.

ಮೈದುನ ಬಂದು "ಓಹೋ" ಅಂತ ಒಂದನ್ನು ಎತ್ತಿಕೊಳ್ಳಲು ಹೋದ. "ಏ, ಬರಿಗೈಲಿ ಮುಟ್ಬೇಡ! ಬೆವರಿನ ಗುರುತು ಬೀಳುತ್ತೆ" ಅಂತ ಕೂಗಿದೆ. ಅವನು ನನ್ನನ್ನೂ ಅಣ್ಣನನ್ನೂ ನೋಡಿ ತಲೆ ಚಚ್ಚಿಕೊಂಡ. ಯಾಕೋ ಏನೋ.

ಏಪ್ರಿಲ್ ೨

ಬೆಳಿಗ್ಗೆ ಲಕ್ವ ಮತ್ತೆ ಬಂತು. ಚಮಚ ಕೈಯಿಂದ ಜಾರಿತು, ಆಮೇಲೆ ಕಣ್ಣು. ಆಸ್ಪತ್ರೆ.

ಏಪ್ರಿಲ್ ೫

ಮಾತನಾಡಿಸಬಹುದು, ಕೇಳಿಸುತ್ತೋ ಇಲ್ಲವೋ ಹೇಳಕ್ಕಾಗಲ್ಲ ಅಂದರು ಡಾಕ್ಟರ್. ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ಅಂದರೆ ಏನು ಅಂತ ಕೇಳಲಿಲ್ಲ ನಾನು. ಕೇಳುವ ಧೈರ್ಯ ಮೈದುನನಿಗೂ ಇರಲಿಲ್ಲ.

ಏಪ್ರಿಲ್ ೧೦, ಗುರುವಾರ

ಗಾಜಿನ ಮೇಜನ್ನು ಮಂಚದ ಪಕ್ಕಕ್ಕೆ ಎಳೆಸಿದ್ದೇನೆ. ಎಲ್ಲವೂ ಹಸಿರು ಬಟ್ಟೆಯ ಮೇಲಿವೆ, ಬಿಚ್ಚಿಕೊಂಡು. ಇವರ ಕಣ್ಣು ತೆರೆದಿರುತ್ತದೆ. ಮೇಜಿನ ಮೇಲೂ ನಿಲ್ಲುತ್ತದೆ, ಕಿಟಕಿಯ ಮೇಲೂ ನಿಲ್ಲುತ್ತದೆ, ನನ್ನ ಮೇಲೂ. ಎಲ್ಲದರ ಮೇಲೂ ಒಂದೇ ತರಹ.

ಕನ್ನಡಕದಂಗಡಿಯವರು ಒಂದನ್ನು ತಂದಿದ್ದರು, ಎಲ್ಲಿಂದಲೋ ಸಿಕ್ಕಿತಂತೆ, ಇವರಿಗೆ ತೋರಿಸಲು. ನಾನು ಭೂತಗನ್ನಡಿ ಹಿಡಿದು ನೋಡಿ, "ಅಲಗು ಒಳ್ಳೇದು, ಒರೆ ಇದರದ್ದಲ್ಲ. ಒರೆಯ ಬಾಯಿ ಹಿಡಿಯ ಕೆಳಗಿನ ಅಡ್ಡಪಟ್ಟಿಗೆ ಕೂತಿಲ್ಲ, ನೋಡಿ, ಉಗುರು ತೂರುತ್ತೆ" ಅಂದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರಿಗೆ ಬೇಜಾರಾಯಿತೇನೋ, ಆಸೆಪಟ್ಟು ತಂದದ್ದು.

ಅವರು ಹೋದ ಮೇಲೆ ನಾನು ಇವರ ಮುಖದ ಹತ್ತಿರ ಕೂತು ಸಿಂಹದ ತಲೆಯದನ್ನು ಎತ್ತಿಕೊಂಡೆ. ಇವರು ನೋಡಲಿ ಅಂತ ಎತ್ತರ ಹಿಡಿದು, ಬೇಕೆಂದೇ ಬೇರೆ ಒರೆ ತೆಗೆದುಕೊಂಡೆ, ಕಪ್ಪು ಹಿಡಿಯದರ ತೊಗಲಿನ ಒರೆ. "ಇದಕ್ಕೆ ಇದೇ ಅಲ್ವಾ? ಹಾಕಿ ಬೀಗ ಹಾಕಿಬಿಡ್ತೀನಿ, ಆಯ್ತಾ?" ಅಂದೆ. ಅರ್ಧ ತೂರಿಸಿದೆ. ಕಾದೆ. ರೇಗಲಿ, ಬೆರಳು ಅಲ್ಲಾಡಿಸಲಿ, ನಿಟ್ಟುಸಿರಾದರೂ ಬಿಡಲಿ. ಇನ್ನೂ ತೂರಿಸಿದೆ. ಒಳಗೆ ತೊಗಲು ಹಿಡಿದುಕೊಳ್ಳುವುದು ಕೈಗೆ ಗೊತ್ತಾಯಿತು. ಇವರು ನೋಡುತ್ತಿದ್ದರು. ಒಂದು ಪದ ಇತ್ತಲ್ಲ ಇವರ ಹತ್ತಿರ, ಒಂದೇ ಒಂದು. ಅದಕ್ಕೆ ಎಷ್ಟು ಬೈದಿದ್ದೆ!

ಆಮೇಲೆ "ಅದಲ್ಲ" ಅಂತ ನಾನೇ ಅಂದೆ. ಎಳೆದು, ಎಣ್ಣೆ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ, ಅದರ ಒರೆಯ ಪಕ್ಕದಲ್ಲಿ ಮಲಗಿಸಿದೆ.